ಡಿಸ್ಕ್ ಎಡಿಟರ್ ತೆರೆಯುವ ಮುಂಚೆ ಆ ಹಾರ್ಡ್ ಡಿಸ್ಕಿನ ನಕಲು ತೆಗೆಯಿರಿ

ಪ್ರಶ್ನೆ: ಸರ್, ನಮ್ಮದು ಗಂಗಾವತಿ. ಅಪ್ಪನದು ಭತ್ತದ ದಲ್ಲಾಳಿ ಅಂಗಡಿ. ಆರು ವರ್ಷದ ಟ್ಯಾಲಿ ಲೆಕ್ಕ, ಅಕ್ಕನ ಮದುವೆ ಫೋಟೋ ಎಲ್ಲಾ ಒಂದು 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿವೆ. ಹೋದ ವಾರ ಕಾಪಿ ಆಗುತ್ತಿರುವಾಗ ಕರೆಂಟ್ ಹೋಯಿತು. ಈಗ ಹಾಕಿದರೆ ‘ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು’ ಅನ್ನುತ್ತದೆ, ಫೈಲ್ ಸಿಸ್ಟಮ್ ಜಾಗದಲ್ಲಿ ‘ರಾ’ ಅಂತ ತೋರಿಸುತ್ತದೆ. ಒಂದು ವಿಡಿಯೋದಲ್ಲಿ, ಡಿಸ್ಕ್ ಎಡಿಟರ್ ತೆರೆದು ಡಿಸ್ಕಿನ ಕೊನೆಯ ಸೆಕ್ಟರ್ ಕಾಪಿ ಮಾಡಿ ಮೊದಲ ಸೆಕ್ಟರ್ ಮೇಲೆ ಪೇಸ್ಟ್ ಮಾಡಿ, ಸರಿಹೋಗುತ್ತದೆ ಅಂತ ಹೇಳಿದ್ದಾರೆ. ನಮ್ಮ ಭಾವ ಚೆಕ್‌ಡಿಸ್ಕ್ ಓಡಿಸು ಅಂತಾರೆ. ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ನಾನು ಡಿಪ್ಲೊಮಾ ಓದುತ್ತಿದ್ದೇನೆ, ಈ ಕೆಲಸ ಕಲಿಯುವ ಆಸೆಯೂ ಇದೆ. ನಾನೇ ಮಾಡಬಹುದಾ?

ಉತ್ತರ: ಮಾಡಬಹುದು. ಆದರೆ ಇವತ್ತಲ್ಲ, ಮತ್ತು ಆ ಡಿಸ್ಕಿನ ಮೇಲಲ್ಲ.

ಮೊದಲು ಅದನ್ನು ಲ್ಯಾಪ್‌ಟಾಪಿನಿಂದ ತೆಗೆದು ಪಕ್ಕಕ್ಕಿಡಿ. ಪದೇಪದೇ ಹಾಕಿ ನೋಡಬೇಡಿ. ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ‘ಇನಿಶಿಯಲೈಸ್ ಮಾಡಲಾ’ ಅಂತ ಇನ್ನೊಂದು ಪ್ರಶ್ನೆ ಬರಬಹುದು, ಅದಕ್ಕೂ ಬೇಡ, ಯಾಕೆಂದರೆ ಅಲ್ಲಿ ಸರಿ ಅಂತ ಒತ್ತಿದರೆ ಡಿಸ್ಕಿನ ಭಾಗಗಳು ಎಲ್ಲಿಂದ ಶುರು ಅಂತ ಹೇಳುವ ಹಳೆಯ ಪಾರ್ಟಿಶನ್ ಟೇಬಲ್ ಇದ್ದ ಜಾಗಕ್ಕೆ ಹೊಸದೊಂದು ಖಾಲಿ ಟೇಬಲ್ ಬಂದು ಕೂರುತ್ತದೆ. ಇನ್ನು ಭಾವ ಹೇಳಿದ ಚೆಕ್‌ಡಿಸ್ಕ್. ಫೈಲ್ ಸಿಸ್ಟಮ್ ‘ರಾ’, ಅಂದರೆ ವಿಂಡೋಸಿಗೆ ಗುರುತು ಸಿಗದ್ದು, ಅಂತ ಕಾಣುವ ತನಕ ಅದು ಓಡುವುದೇ ಇಲ್ಲ, ‘ರಾ ಡ್ರೈವ್‌ಗೆ ಇದು ಆಗುವುದಿಲ್ಲ’ ಅಂತ ಹೇಳಿ ನಿಂತುಬಿಡುತ್ತದೆ. ಅದು ನಿಮ್ಮ ಅದೃಷ್ಟ. ಚೆಕ್‌ಡಿಸ್ಕ್ ಕೆಲಸ ಫೈಲ್ ಸಿಸ್ಟಮನ್ನು ಒಪ್ಪವಾಗಿ ಇಡುವುದು, ನಿಮ್ಮ ಫೈಲ್ ಉಳಿಸುವುದಲ್ಲ. ಲೆಕ್ಕಕ್ಕೆ ಹೊಂದದ ನಮೂದು ಸಿಕ್ಕರೆ ಅಳಿಸಿಬಿಡುತ್ತದೆ. ಒಳ್ಳೆಯ ಡಿಸ್ಕಿಗೆ ಅದು ಒಳ್ಳೆಯ ಸಾಧನ, ಒಳಗಿರುವುದನ್ನು ಇನ್ನೂ ಈಚೆಗೆ ತೆಗೆಯದ ಡಿಸ್ಕಿಗೆ ಅಲ್ಲ.

ಈಗ ಆ ವಿಡಿಯೋ ವಿಷಯ. ಅದರಲ್ಲಿ ಅರ್ಧ ಸತ್ಯ ಇದೆ. ವಿಂಡೋಸಿನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರ್‌ನ, ಅಂದರೆ ತನ್ನ ವಿವರ ಬರೆದಿಟ್ಟ ಮೊದಲ ಸೆಕ್ಟರ್‌ನ, ಒಂದು ನಕಲನ್ನು ಕೊನೆಯಲ್ಲಿ ಇಟ್ಟುಕೊಂಡಿರುತ್ತದೆ, ಅದು ನಿಜ. ಆದರೆ ‘ಕೊನೆ’ ಅಂದರೆ ಪಾರ್ಟಿಶನ್ನಿನ ಕೊನೆ, ಡಿಸ್ಕಿನ ಕೊನೆಯಲ್ಲ. ಹಾಗೆಯೇ ‘ಮೊದಲು’ ಅಂದರೆ ಪಾರ್ಟಿಶನ್ನಿನ ಮೊದಲ ಸೆಕ್ಟರ್, ಡಿಸ್ಕಿನ ಸೊನ್ನೆಯ ಸೆಕ್ಟರ್ ಅಲ್ಲ. ನಿಮ್ಮ ಡಿಸ್ಕ್ ಜಿಪಿಟಿ, ಅಂದರೆ ಹೊಸ ಬಗೆಯ ಪಾರ್ಟಿಶನ್ ಟೇಬಲಿನದು, ಆಗಿದ್ದರೆ ಇಡೀ ಡಿಸ್ಕಿನ ಕಟ್ಟಕಡೆಯ ಸೆಕ್ಟರ್‌ನಲ್ಲಿ ಇರುವುದು ಜಿಪಿಟಿ ಹೆಡರಿನ ನಕಲು. ಅದನ್ನು ತಂದು ಸೊನ್ನೆಯ ಸೆಕ್ಟರ್ ಮೇಲೆ ಹಾಕಿದರೆ ಒಂದು ತೊಂದರೆ ಇದ್ದಲ್ಲಿ ಎರಡಾಗುತ್ತದೆ. ವಿಡಿಯೋ ಮಾಡಿದವರ ಡಿಸ್ಕಿನಲ್ಲಿ ಏನಿತ್ತೋ ಅವರಿಗೆ ಗೊತ್ತು, ನಿಮ್ಮ ಡಿಸ್ಕಿನಲ್ಲಿ ಏನಿದೆ ಅಂತ ಇನ್ನೂ ಯಾರೂ ನೋಡಿಲ್ಲ, ಅಲ್ವಾ?

ಡಿಸ್ಕ್ ಎಡಿಟರ್ ಅಂದರೆ ಏನು ಅಂತ ಒಂದು ಮಾತು. ನೀವು ದಿನಾ ನೋಡುವ ಫೋಲ್ಡರ್, ಫೈಲ್ ಹೆಸರು ಇವೆಲ್ಲ ಫೈಲ್ ಸಿಸ್ಟಮ್ ಕಟ್ಟಿಕೊಟ್ಟ ಮೇಲಿನ ನೋಟ. ಅದರ ಕೆಳಗೆ ಡಿಸ್ಕ್ ಅನ್ನುವುದು ಸುಮ್ನೆ ನಂಬರ್ ಹಾಕಿದ ಸೆಕ್ಟರ್‌ಗಳ ಉದ್ದ ಸಾಲು. ಒಂದೊಂದರಲ್ಲಿ 512 ಬೈಟ್, ಕೆಲವು ಹೊಸ ಡಿಸ್ಕ್‌ಗಳಲ್ಲಿ 4096. ಎಡಿಟರ್ ಆ ಸಾಲನ್ನು ಹಾಗೇ ಬಿಚ್ಚಿ ತೋರಿಸುತ್ತದೆ, ಎಲ್ಲಿ ಬೇಕಾದರೂ ಬರೆಯಲು ಬಿಡುತ್ತದೆ. ಅಲ್ಲಿ ರೀಸೈಕಲ್ ಬಿನ್ ಇಲ್ಲ. ಸೇವ್ ಒತ್ತುವ ತನಕ ಹಿಂದಕ್ಕೆ ಬರಬಹುದು, ಒತ್ತಿದ ಮೇಲೆ ಹಳೆಯ ಬೈಟ್ ಹೋಯಿತು. ಒಂದೇ ಅಂಕಿ ಹೆಚ್ಚುಕಡಿಮೆ ಆದರೂ ಇಡೀ ಪಾರ್ಟಿಶನ್ ಬೇರೆ ಜಾಗದಿಂದ ಶುರುವಾದಂತೆ ಕಾಣಬಹುದು.

ಅದಕ್ಕೇ ನಾನು ಕಲಿಯಲು ಬರುವ ಹುಡುಗರಿಗೆಲ್ಲ ಮಸ್ಕಿಯ ಮಾತು ಹೇಳುತ್ತೇನೆ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ ಬಂಡೆಯ ಮೇಲಿನ ಶಾಸನ 1915ರಲ್ಲಿ ಬೆಳಕಿಗೆ ಬಂತು, ಅದರಲ್ಲಿ ಅಶೋಕ ಅನ್ನುವ ಹೆಸರು ಇದ್ದದ್ದರಿಂದಲೇ ಬೇರೆ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಅಂತ ಗಟ್ಟಿಯಾಯಿತು. ಕೊಪ್ಪಳದ ಗವಿಮಠದ ಹತ್ತಿರವೂ ಅಶೋಕನ ಶಾಸನ ಇದೆ, ನೀವು ನೋಡಿರಬಹುದು. ಶಾಸನ ಓದುವವರು ಅಕ್ಷರ ಸವೆದಿದೆ ಅಂತ ಉಳಿ ಹಿಡಿದು ಬಂಡೆಯನ್ನೇ ತಿದ್ದುವುದಿಲ್ಲ. ಒದ್ದೆ ಕಾಗದ ಹಚ್ಚಿ, ಮಸಿ ತಟ್ಟಿ ಅಚ್ಚು ತೆಗೆದುಕೊಳ್ಳುತ್ತಾರೆ. ಆಮೇಲೆ ಓದುವುದು, ಊಹಿಸುವುದು, ವಾದ ಮಾಡುವುದು ಎಲ್ಲಾ ಆ ಅಚ್ಚಿನ ಮೇಲೆ. ನಿಮ್ಮ ಡಿಸ್ಕಿಗೂ ಅದೇ ಕ್ರಮ. ಅದರ ಪೂರ್ತಿ ಅಚ್ಚು, ಅಂದರೆ ಇಮೇಜ್, ತೆಗೆಯುವ ತನಕ ಎಡಿಟರ್ ತೆರೆಯಬೇಡಿ.

ಅಚ್ಚು ತೆಗೆಯುವ ಮುಂಚೆ ಡಿಸ್ಕಿನ ಆರೋಗ್ಯ ನೋಡಬೇಕು. ಕಿವಿ ಹತ್ತಿರ ಹಿಡಿದು ಕೇಳಿ. ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಸದ್ದು ಸರಿ ಇದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತರಹದ ಉಚಿತ ಸಾಧನದಲ್ಲಿ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತಾನೇ ಇಟ್ಟುಕೊಳ್ಳುವ ಆರೋಗ್ಯದ ಲೆಕ್ಕ, ನೋಡಿ. ಅದರಲ್ಲಿ 05 ಮತ್ತು ಸಿ5 ಅನ್ನುವ ಎರಡು ಸಾಲು ಮುಖ್ಯ. 05 ಅಂದರೆ ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳು, ಸಿ5 ಅಂದರೆ ಓದಲು ಬರದೆ ಕಾಯುತ್ತಿರುವ ಸೆಕ್ಟರ್‌ಗಳು. ಸಿ5 ಸೊನ್ನೆಗಿಂತ ಜಾಸ್ತಿ ಇದ್ದರೆ ಡಿಸ್ಕ್ ಒಳಗೇ ಸೋಲುತ್ತಿದೆ, ಆಗ ನಕಲು ಇನ್ನೂ ಅರ್ಜೆಂಟು. ಒಂದು ಮಾತು, ಪೆಟ್ಟಿಗೆ ಒಡೆದು ಒಳಗಿನ ಡಿಸ್ಕನ್ನು ನೇರವಾಗಿ ಜೋಡಿಸಲು ಹೋಗಬೇಡಿ. ಕೆಲವು ಪೆಟ್ಟಿಗೆಗಳು ತಾವೇ ಎನ್‌ಕ್ರಿಪ್ಟ್ ಮಾಡಿ ಬರೆಯುತ್ತವೆ, ಕೆಲವು ಸೆಕ್ಟರ್ ಅಳತೆಯನ್ನೇ ಬದಲಿಸಿ ತೋರಿಸುತ್ತವೆ. ಹೊರಗೆ ತೆಗೆದರೆ ಸರಿ ಇರುವುದೂ ಕೆಟ್ಟಂತೆ ಕಾಣುತ್ತದೆ.

ಇಮೇಜ್ ಹಾಕಲು ಇನ್ನೊಂದು ಡಿಸ್ಕ್ ಬೇಕು, 1 ಟಿಬಿ ಸಾಲುವುದಿಲ್ಲ, 2 ಟಿಬಿ ತೆಗೆದುಕೊಳ್ಳಿ. 1 ಟಿಬಿಯ ಡಿಸ್ಕ್ ಫಾರ್ಮ್ಯಾಟ್ ಆದ ಮೇಲೆ ಅದರಲ್ಲಿ ಪೂರ್ತಿ 1 ಟಿಬಿಯ ಒಂದು ಫೈಲ್ ಹಿಡಿಯುವುದಿಲ್ಲ. ಹೊಸ ಡಿಸ್ಕಿನ ಫೈಲ್ ಸಿಸ್ಟಮ್ ಫ್ಯಾಟ್32 ಆಗಿರಬಾರದು, ಅಲ್ಲಿ ಒಂದು ಫೈಲಿಗೆ 4 ಜಿಬಿಯೇ ಮಿತಿ. ಖರ್ಚು ಅನ್ನಿಸಬಹುದು. ಆರು ವರ್ಷದ ಅಂಗಡಿ ಲೆಕ್ಕದ ಮುಂದೆ ಅದು ದೊಡ್ಡದಲ್ಲ, ಮತ್ತು ಕೆಲಸ ಮುಗಿದ ಮೇಲೆ ಅದೇ ನಿಮ್ಮ ಎರಡನೇ ಬ್ಯಾಕಪ್ ಆಗುತ್ತದೆ.

ಸಾಧನಕ್ಕೆ ನಾನು ಹೇಳುವುದು ಡಿಡಿರೆಸ್ಕ್ಯೂ. ಸಿಸ್ಟಮ್‌ರೆಸ್ಕ್ಯೂ ಅನ್ನುವ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದ ಲ್ಯಾಪ್‌ಟಾಪ್ ಶುರು ಮಾಡಿದರೆ ಡಿಡಿರೆಸ್ಕ್ಯೂ, ಪಾರ್ಟಿಶನ್ ಸರಿಮಾಡುವ ಟೆಸ್ಟ್‌ಡಿಸ್ಕ್ ಎರಡೂ ಅದರೊಳಗೇ ಇರುತ್ತವೆ. ವಿಂಡೋಸ್ ಎಚ್ಚರ ಇಲ್ಲದಿರುವುದರಿಂದ ಹಿಂದಿನಿಂದ ಅದು ಡಿಸ್ಕಿಗೆ ಏನೂ ಬರೆಯುವುದಿಲ್ಲ. ಡಿಡಿರೆಸ್ಕ್ಯೂ ಸುಲಭವಾಗಿ ಓದಲು ಬರುವ ಭಾಗವನ್ನು ಮೊದಲು ಓದಿ, ಹಠ ಮಾಡುವ ಸೆಕ್ಟರ್‌ಗಳನ್ನು ಕೊನೆಗೆ ಬಿಡುತ್ತದೆ. ಎಲ್ಲಿ ತನಕ ಓದಿದೆ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದುಕೊಳ್ಳುತ್ತದೆ. ನಮ್ಮ ಕಡೆ ಇದು ಬಹಳ ಮುಖ್ಯ. ಯುಎಸ್‌ಬಿ 3ರಲ್ಲಿ ಸೆಕೆಂಡಿಗೆ 100 ಎಂಬಿ ಸಿಕ್ಕರೂ 1 ಟಿಬಿಗೆ ಹತ್ತಿರ ಹತ್ತಿರ 3 ತಾಸು ಬೇಕು, ಹಳೆಯ ಯುಎಸ್‌ಬಿ 2ರಲ್ಲಿ 30 ಎಂಬಿ ಲೆಕ್ಕ ಹಿಡಿದರೆ 9 ತಾಸು ದಾಟುತ್ತದೆ, ಅಷ್ಟು ಹೊತ್ತು ಕರೆಂಟ್ ಇರುತ್ತದೆ ಅಂತ ಬೇಸಿಗೆಯಲ್ಲಿ ನಂಬಿ ಕೂರಲು ಆಗುವುದಿಲ್ಲ. ಮಧ್ಯೆ ನಿಂತರೂ ಮ್ಯಾಪ್ ಫೈಲ್ ಇದ್ದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಆ ಮ್ಯಾಪ್ ಫೈಲನ್ನು ಗುರಿಯ ಡಿಸ್ಕಿನಲ್ಲೇ ಇಡಿ. ಲೈವ್ ಲಿನಕ್ಸಿನ ಒಳಗೆ ಇಟ್ಟರೆ ಲ್ಯಾಪ್‌ಟಾಪ್ ಆಫ್ ಆದಾಗ ಅದೂ ಹೋಗುತ್ತದೆ.

ನಿಮ್ಮದು ಲ್ಯಾಪ್‌ಟಾಪ್ ಆದದ್ದು ಒಳ್ಳೆಯದೇ ಆಯಿತು. ಜೇಬಿನಲ್ಲಿ ಹಿಡಿಯುವ ಸಣ್ಣ ಹಾರ್ಡ್ ಡಿಸ್ಕುಗಳು ಯುಎಸ್‌ಬಿಯಿಂದಲೇ ಕರೆಂಟ್ ಎಳೆಯುತ್ತವೆ, ಹಾಗಾಗಿ ಮನೆಯ ಕರೆಂಟ್ ಹೋದರೂ ಬ್ಯಾಟರಿ ಇರುವ ತನಕ ಡಿಸ್ಕೂ ನಡೆಯುತ್ತದೆ. ದೊಡ್ಡ ಡಿಸ್ಕಾದರೆ ಅದಕ್ಕೆ ಬೇರೆ ಅಡಾಪ್ಟರ್ ಇರುತ್ತದೆ, ಆಗ ಯುಪಿಎಸ್ ಬೇಕೇ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಈ ಕೆಲಸವನ್ನು ರಾತ್ರಿ ಮಾಡಿ, ಡಿಸ್ಕನ್ನು ನೆಲದ ಮೇಲೆ ಇಟ್ಟು ಫ್ಯಾನ್ ಗಾಳಿ ತಾಗುವಂತೆ ಬಿಡಿ. ಬಳ್ಳಾರಿಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ, ತಗಡಿನ ಶೀಟಿನ ಅಂಗಡಿಯಲ್ಲಿ, ತಾಸುಗಟ್ಟಲೆ ಓದಿಸಿದ ಡಿಸ್ಕ್ ಮುಟ್ಟಲು ಆಗದಷ್ಟು ಕಾದದ್ದನ್ನು ನೋಡಿದ್ದೇನೆ.

ಇಲ್ಲಿ ನನ್ನದೊಂದು ಕಥೆ ಹೇಳಲೇಬೇಕು, ಯಾಕೆಂದರೆ ಎಡಿಟರ್‌ಗಿಂತ ಜಾಸ್ತಿ ಡಿಸ್ಕುಗಳು ಹಾಳಾಗುವುದು ಈ ಒಂದು ತಪ್ಪಿನಿಂದ. ಕೆಲಸ ಶುರು ಮಾಡಿದ ದಿನಗಳಲ್ಲಿ ಒಬ್ಬರ ಡಿಸ್ಕ್ ನನ್ನ ಹತ್ತಿರ ಬಂದಿತ್ತು, ಹಳ್ಳಿಯ ಜಾತ್ರೆ, ಮದುವೆ ಫೋಟೋಗಳು. ಅವರದೂ 500 ಜಿಬಿ, ನಾನು ನಕಲಿಗೆ ಇಟ್ಟುಕೊಂಡದ್ದೂ 500 ಜಿಬಿ, ಎರಡೂ ಒಂದೇ ಕಂಪನಿಯವು. ಸಂಜೆ ಕರೆಂಟ್ ಹೋಗಿ ಬಂತು, ಎರಡನ್ನೂ ತೆಗೆದು ಮತ್ತೆ ಹಾಕಿದೆ, ಈ ಸಲ ಅವುಗಳ ನಂಬರ್ ಅದಲುಬದಲು ಆಗಿತ್ತು. ನಾನು ನೋಡಲಿಲ್ಲ. ಖಾಲಿ ಡಿಸ್ಕನ್ನು ಅವರ ಡಿಸ್ಕಿನ ಮೇಲೆ ನಕಲು ಮಾಡಲು ಹಚ್ಚಿದೆ. ಐದು ನಿಮಿಷದಲ್ಲಿ ಗೊತ್ತಾಗಿ ನಿಲ್ಲಿಸಿದೆ, ಆದರೆ ಡಿಸ್ಕಿನ ಮೊದಲ ಭಾಗ, ಅಂದರೆ ಫೈಲ್‌ಗಳ ಪಟ್ಟಿ ಇರುವ ಭಾಗವೇ, ಹೋಗಿತ್ತು. ಉಳಿದ ಫೋಟೋಗಳು ಹೆಸರಿಲ್ಲದೆ ಸಿಕ್ಕವು, ಎಷ್ಟೋ ಸಿಗಲೇ ಇಲ್ಲ. ಅವರ ಮನೆಗೆ ಹೋಗಿ ಹೇಳಿದ ಆ ಸಂಜೆ ನನಗೆ ಇವತ್ತಿಗೂ ನೆನಪಿದೆ.

ಅಂದಿನಿಂದ ಮೂಲ ಡಿಸ್ಕಿಗೆ ಬಿಳಿ ಪ್ಲಾಸ್ಟರ್ ಅಂಟಿಸಿ ‘ಮೂಲ’ ಅಂತ ಬರೆಯುತ್ತೇನೆ. ಡಿಸ್ಕಿನ ಅಳತೆ ಮತ್ತು ಸೀರಿಯಲ್ ನಂಬರ್ ಎರಡನ್ನೂ ಕಾಗದದ ಮೇಲೆ ಬರೆದು, ಪರದೆಯಲ್ಲಿ ಕಾಣುವುದರ ಜೊತೆ ಬೆರಳಿಟ್ಟು ಹೋಲಿಸುತ್ತೇನೆ. ಡಿಸ್ಕ್ 0, ಡಿಸ್ಕ್ 1 ಅನ್ನುವ ನಂಬರನ್ನು ಮಾತ್ರ ನಂಬಬೇಡಿ, ಅದು ಪ್ರತಿ ಸಲ ಬದಲಾಗಬಹುದು, ಸಾಲದ್ದಕ್ಕೆ ಕೆಲವು ಸಾಧನಗಳು ಸೊನ್ನೆಯಿಂದ ಎಣಿಸುತ್ತವೆ, ಕೆಲವು ಒಂದರಿಂದ. ಬೇಡದ ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಎಲ್ಲಾ ತೆಗೆದಿಡಿ. ನಿಮ್ಮದು 1 ಟಿಬಿ, ಗುರಿ 2 ಟಿಬಿ, ಅಳತೆ ಬೇರೆ ಇರುವುದೇ ನಿಮಗೆ ದೊಡ್ಡ ರಕ್ಷಣೆ.

ಇಮೇಜ್ ಆಯಿತು ಅಂದುಕೊಳ್ಳಿ. ಮೂಲ ಡಿಸ್ಕನ್ನು ಕಬ್ಬಿಣದ ಬೀರುವಿನಲ್ಲಿಡಿ. ಈಗ ವಿಂಡೋಸಿಗೆ ಬಂದು ಎಚ್‌ಎಕ್ಸ್‌ಡಿ ಅಥವಾ ಡಿಎಂಡಿಇ ಅನ್ನುವ ಎಡಿಟರಿನಲ್ಲಿ ಆ ಇಮೇಜ್ ಫೈಲನ್ನು ತೆರೆಯಿರಿ. ಎರಡೂ ಉಚಿತವಾಗಿ ಸಿಗುತ್ತವೆ. ‘ಓದಲು ಮಾತ್ರ’ ಅನ್ನುವ ಗುರುತು ಇದ್ದರೆ ಹಾಗೇ ಇರಲಿ, ತೆಗೆಯಬೇಡಿ.

ಸೊನ್ನೆಯ ಸೆಕ್ಟರ್ ನೋಡಿ. ಎಡಿಟರ್ ಬೈಟ್‌ಗಳನ್ನು ಹೆಕ್ಸ್, ಅಂದರೆ ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ. ಕೊನೆಯ ಎರಡು ಬೈಟ್ 55 ಎಎ ಇರಬೇಕು. ಅದರ ಹಿಂದಿನ 64 ಬೈಟ್ ಪಾರ್ಟಿಶನ್ ಟೇಬಲ್, ಒಂದೊಂದಕ್ಕೆ 16 ಬೈಟಿನಂತೆ ನಾಲ್ಕು ನಮೂದು. ಮೊದಲ ನಮೂದಿನ ಐದನೇ ಬೈಟ್ ಇಇ ಇದ್ದರೆ ಇದು ಜಿಪಿಟಿ ಡಿಸ್ಕ್, ನಿಜವಾದ ಪಟ್ಟಿ ಮುಂದಿನ ಸೆಕ್ಟರ್‌ಗಳಲ್ಲಿದೆ. 07 ಇದ್ದರೆ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್. ಅದೇ ನಮೂದಿನ ಒಂಬತ್ತನೇ ಬೈಟಿನಿಂದ ನಾಲ್ಕು ಬೈಟ್ ಪಾರ್ಟಿಶನ್ ಶುರುವಾಗುವ ಸೆಕ್ಟರ್ ಹೇಳುತ್ತವೆ. ಅಲ್ಲಿ 00 08 00 00 ಅಂತ ಕಂಡರೆ ಅದನ್ನು ಹಿಂದಿನಿಂದ ಮುಂದಕ್ಕೆ ಓದಬೇಕು, ಆಗ 0800 ಆಗುತ್ತದೆ, ದಶಮಾನದಲ್ಲಿ 2048. ಹೊಸಬರು ಎಡವುವುದು ಇಲ್ಲೇ, ಮುಂದಿನಿಂದ ಓದಿ ಐದು ಲಕ್ಷ ದಾಟಿದ ಏನೋ ಸಂಖ್ಯೆ ಹಿಡಿದು ಟೇಬಲ್ ಕೆಟ್ಟಿದೆ ಅಂತ ತಿದ್ದಲು ಹೋಗುತ್ತಾರೆ.

ಇನ್ನು ಟೇಬಲ್ ಹೇಳಿದ ಆ ಸೆಕ್ಟರ್‌ಗೆ, ಈ ಉದಾಹರಣೆಯಲ್ಲಿ 2048ಕ್ಕೆ, ಹೋಗಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಅದು ಇಬಿ 52 90 ಅಂತ ಶುರುವಾಗಿ ಪಕ್ಕದಲ್ಲಿ ಎನ್‌ಟಿಎಫ್‌ಎಸ್ ಅನ್ನುವ ಅಕ್ಷರ ಕಂಡರೆ ಬೂಟ್ ಸೆಕ್ಟರ್ ಇನ್ನೂ ಇದೆ. ಹಾಗಿದ್ದರೆ ವಿಡಿಯೋದವರು ಹೇಳಿದ ಔಷಧಿ ನಿಮ್ಮ ಕಾಯಿಲೆಗೆ ಅಲ್ಲವೇ ಅಲ್ಲ, ಕೆಟ್ಟಿರುವುದು ಬಹುಶಃ ಎಂಎಫ್‌ಟಿ, ಅಂದರೆ ಫೈಲ್‌ಗಳ ಮುಖ್ಯ ಪಟ್ಟಿ. ವಿಂಡೋಸಿನಲ್ಲಿ ಫಾರ್ಮ್ಯಾಟ್ ಮಾಡಿದ ದೊಡ್ಡ ಡಿಸ್ಕಿನಲ್ಲಿ ಅದು ಸಾಮಾನ್ಯವಾಗಿ 786432ನೇ ಕ್ಲಸ್ಟರಿನಿಂದ ಶುರು, ಕ್ಲಸ್ಟರ್ ಅಂದರೆ ಸೆಕ್ಟರ್‌ಗಳ ಗುಂಪು. ಒಂದು ಕ್ಲಸ್ಟರಿಗೆ 8 ಸೆಕ್ಟರ್ ಆದರೆ 6291456, ಅದಕ್ಕೆ 2048 ಕೂಡಿಸಿ, 6293504ನೇ ಸೆಕ್ಟರ್. ಅಲ್ಲಿ ಪ್ರತಿ 1024 ಬೈಟಿಗೊಮ್ಮೆ ‘ಫೈಲ್’ ಅನ್ನುವ ನಾಲ್ಕು ಇಂಗ್ಲಿಷ್ ಅಕ್ಷರ ಸಾಲಾಗಿ ಕಂಡರೆ ಸಮಾಧಾನದಿಂದ ಉಸಿರು ಬಿಡಿ, ನಿಮ್ಮ ಅಪ್ಪನ ಲೆಕ್ಕದ ಪಟ್ಟಿ ಅಲ್ಲೇ ಇದೆ.

2048ರಲ್ಲಿ ಬರೀ ಸೊನ್ನೆಗಳೇ ಇದ್ದರೆ ಅಥವಾ ಕಸ ಇದ್ದರೆ ಬೂಟ್ ಸೆಕ್ಟರ್ ಹೋಗಿದೆ. ಆಗ ಪಾರ್ಟಿಶನ್ನಿನ ಉದ್ದವನ್ನು 2048ಕ್ಕೆ ಕೂಡಿಸಿ ಒಂದು ಕಳೆಯಿರಿ, ಆ ಸೆಕ್ಟರ್‌ನಲ್ಲಿ ನಕಲು ಇರಬೇಕು. ಡಿಸ್ಕ್ ಎಕ್ಸ್‌ಫ್ಯಾಟ್ ಆಗಿದ್ದರೆ ನಕಲು ಕೊನೆಯಲ್ಲಿ ಇರುವುದೇ ಇಲ್ಲ, ಪಾರ್ಟಿಶನ್ನಿನ 12ನೇ ಸೆಕ್ಟರಿನಿಂದ ಶುರು. ಫ್ಯಾಟ್32 ಆದರೆ 6ನೇ ಸೆಕ್ಟರ್. ಇನ್ನೊಂದು ಸಾಧ್ಯತೆ, ಆ ಜಾಗದಲ್ಲಿ ಎರಡು ಅಡ್ಡಗೆರೆಗಳ ನಡುವೆ ಎಫ್‌ವಿಇ ಅನ್ನುವ ಅಕ್ಷರ ಕಂಡರೆ ಅದು ಬಿಟ್‌ಲಾಕರ್, ಅಂದರೆ ವಿಂಡೋಸಿನ ಎನ್‌ಕ್ರಿಪ್ಶನ್ ಬೀಗ. ಆಗ ಏನನ್ನೂ ಮುಟ್ಟದೆ 48 ಅಂಕಿಯ ರಿಕವರಿ ಕೀ ಹುಡುಕಿ, ಮೈಕ್ರೋಸಾಫ್ಟ್ ಖಾತೆಯಲ್ಲಿ ಸೇವ್ ಆಗಿರಬಹುದು.

ಈಗ ನನ್ನ ಸ್ಪಷ್ಟ ಅಭಿಪ್ರಾಯ. ಏನು ಕೆಟ್ಟಿದೆ ಅಂತ ಕಣ್ಣಾರೆ ನೋಡಿದ ಮೇಲೂ ಕೈಯಿಂದ ಬೈಟ್ ತಿದ್ದುವ ಅಗತ್ಯ ಹತ್ತರಲ್ಲಿ ಒಂಬತ್ತು ಸಲ ಇರುವುದಿಲ್ಲ. ನಿಮಗೆ ಬೇಕಿರುವುದು ಡಿಸ್ಕ್ ಸರಿಹೋಗುವುದಲ್ಲ, ಫೈಲ್‌ಗಳು. ಡಿಎಂಡಿಇ ಇಮೇಜಿನ ಒಳಗಿನ ಪಟ್ಟಿ ಓದಿ ಫೋಲ್ಡರ್‌ಗಳನ್ನು ತೋರಿಸುತ್ತದೆ, ಉಚಿತ ಆವೃತ್ತಿಯಲ್ಲಿ ಒಂದು ಸಲಕ್ಕೆ ಒಂದು ಫೋಲ್ಡರಿನಿಂದ 4000 ಫೈಲ್ ತನಕ ಹೊರಗೆ ತೆಗೆಯಬಹುದು. ಟ್ಯಾಲಿ ಲೆಕ್ಕವನ್ನು ಮೊದಲು ತೆಗೆಯಿರಿ. ಟ್ಯಾಲಿ ಒಂದೊಂದು ಕಂಪನಿಗೆ ಅಂಕಿಯ ಹೆಸರಿನ ಒಂದು ಫೋಲ್ಡರ್ ಇಟ್ಟು ಅದರಲ್ಲಿ ಹಲವು ಫೈಲ್ ಹಾಕುತ್ತದೆ, ಆ ಫೋಲ್ಡರ್ ಇಡಿಯಾಗಿ ಬಂದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಫೋಟೋಗಳಿಗೆ ಕೊನೆಯ ದಾರಿಯಾಗಿ ಫೋಟೋರೆಕ್ ಇದೆ. ಅದು ಪಟ್ಟಿಯನ್ನೇ ನೋಡದೆ, ಎಫ್‌ಎಫ್ ಡಿ8 ಎಫ್‌ಎಫ್ ಅಂತ ಶುರುವಾಗುವ ಜೆಪೆಗ್‌ಗಳನ್ನು ಹುಡುಕಿ ತೆಗೆಯುತ್ತದೆ. ಹೆಸರು, ಫೋಲ್ಡರ್ ಏನೂ ಉಳಿಯುವುದಿಲ್ಲ. ಮದುವೆ ಫೋಟೋಗೆ ಅದು ನಡೆಯುತ್ತದೆ, ಲೆಕ್ಕಕ್ಕೆ ನಡೆಯುವುದಿಲ್ಲ.

ಬೂಟ್ ಸೆಕ್ಟರ್ ಒಂದೇ ಹೋಗಿದೆ ಅಂತ ಖಚಿತವಾದರೆ ಇಮೇಜಿನ ಮೇಲೆ ತಿದ್ದಿ ನೋಡಿ. ತಿದ್ದುವ ಮುಂಚೆ ಆ 512 ಬೈಟನ್ನು ಬೇರೆ ಫೈಲಾಗಿ ಉಳಿಸಿ, ಫೈಲಿನ ಹೆಸರಲ್ಲೇ ಸೆಕ್ಟರ್ ನಂಬರ್ ಇರಲಿ. ಒಂದು ಸಲಕ್ಕೆ ಒಂದೇ ಸೆಕ್ಟರ್. ಪೇಸ್ಟ್ ಮಾಡುವಾಗ ‘ಸೇರಿಸು’ ಅಲ್ಲ, ‘ಮೇಲೆ ಬರೆ’ ಅನ್ನುವುದನ್ನೇ ಆರಿಸಿ, ಇಲ್ಲದಿದ್ದರೆ ಮುಂದಿನ ಬೈಟೆಲ್ಲ ಸರಿದುಹೋಗುತ್ತದೆ. ಟೆಸ್ಟ್‌ಡಿಸ್ಕ್ ಇದೇ ಕೆಲಸವನ್ನು ಇನ್ನೂ ಕ್ಷೇಮವಾಗಿ ಮಾಡುತ್ತದೆ, ಎರಡೂ ಬೂಟ್ ಸೆಕ್ಟರ್ ಹೋಲಿಸಿ ಯಾವುದು ಸರಿ ಅಂತ ಹೇಳಿದ ಮೇಲೆ ಬರೆಯಲಾ ಅಂತ ಕೇಳುತ್ತದೆ. ನಾನಾದರೆ ಎಡಿಟರಿನಲ್ಲಿ ಓದಿ, ಟೆಸ್ಟ್‌ಡಿಸ್ಕಿನಲ್ಲಿ ಬರೆಯುತ್ತೇನೆ.

ಜಿಪಿಟಿ ಹೆಡರನ್ನು ಮಾತ್ರ ಕೈಯಿಂದ ತಿದ್ದಬೇಡಿ. ಅದಕ್ಕೆ ಚೆಕ್‌ಸಮ್ ಇದೆ, ಒಂದು ಬೈಟ್ ಬದಲಾದರೂ ಲೆಕ್ಕ ತಪ್ಪಿ ಹೆಡರ್ ಕೆಟ್ಟಿದೆ ಅಂತಾಗುತ್ತದೆ.

ಲ್ಯಾಪ್‌ಟಾಪಿನ ಒಳಗಿನ ಡಿಸ್ಕ್ ಬಗ್ಗೆ ಒಂದು ಎಚ್ಚರಿಕೆ. ವಿಸ್ಟಾದಿಂದೀಚೆಗೆ ವಿಂಡೋಸ್ ತಾನು ಬಳಸುತ್ತಿರುವ ವಾಲ್ಯೂಮಿನ ಸೆಕ್ಟರ್‌ಗಳಿಗೆ ನೇರವಾಗಿ ಬರೆಯಲು ಬಿಡುವುದಿಲ್ಲ. ಆದರೆ ಪಾರ್ಟಿಶನ್ ಟೇಬಲ್ ವಾಲ್ಯೂಮಿನ ಹೊರಗಿದೆ, ಅದಕ್ಕೆ ಆ ಕಾವಲು ಇಲ್ಲ. ಅಡ್ಮಿನ್ ಆಗಿ ತೆರೆದ ಎಡಿಟರ್ ಅದನ್ನು ಒಂದು ಕ್ಷಣದಲ್ಲಿ ಅಳಿಸಬಲ್ಲದು, ಮುಂದಿನ ಸಲ ಲ್ಯಾಪ್‌ಟಾಪ್ ಏಳುವುದಿಲ್ಲ. ಒಳಗಿರುವುದು ಎಸ್‌ಎಸ್‌ಡಿ ಆದರೆ ಅಳಿಸಿದ ಫೈಲನ್ನು ಎಡಿಟರಿನಲ್ಲಿ ಹುಡುಕುವುದೂ ಹೆಚ್ಚಾಗಿ ವ್ಯರ್ಥ. ಟ್ರಿಮ್ ಅನ್ನುವ ಆಜ್ಞೆ ಹೋದ ಮೇಲೆ ಆ ಜಾಗ ಸೊನ್ನೆಯಾಗಿಯೇ ಕಾಣುವುದು ಸಾಮಾನ್ಯ.

ಕಲಿಯುವ ಆಸೆ ಅಂದಿರಲ್ಲ, ನನಗೆ ಬಹಳ ಸಂತೋಷವಾಯಿತು. ಅದಕ್ಕೆ ಅಪ್ಪನ ಡಿಸ್ಕ್ ಬೇಡ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 100 ಎಂಬಿಯ ಒಂದು ವಿಎಚ್‌ಡಿ, ಅಂದರೆ ಫೈಲಿನೊಳಗೇ ಇರುವ ಸುಳ್ಳು ಡಿಸ್ಕ್ ಮಾಡಿಕೊಳ್ಳಿ. ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿ. ನೋಟ್‌ಪ್ಯಾಡಿನಲ್ಲಿ ‘ಗಂಗಾವತಿ’ ಅಂತ ಬರೆದು ಯುಟಿಎಫ್-8ರಲ್ಲಿ ಅದರೊಳಗೆ ಸೇವ್ ಮಾಡಿ. ಎಡಿಟರಿನಲ್ಲಿ ಇ0 ಬಿ2 97 ಹುಡುಕಿ, ಅದು ನಮ್ಮ ‘ಗ’. ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್, ನಿಮ್ಮೂರಿನ ಹೆಸರಿಗೆ ಒಟ್ಟು 21. ಅದು ಸಿಗುವುದು ಬೇರೆಲ್ಲೋ ಅಲ್ಲ, ಆ ಎಂಎಫ್‌ಟಿ ನಮೂದಿನ ಒಳಗೇ, ಯಾಕೆಂದರೆ ಅಷ್ಟು ಸಣ್ಣ ಫೈಲನ್ನು ಎನ್‌ಟಿಎಫ್‌ಎಸ್ ಪಟ್ಟಿಯಲ್ಲೇ ಇಟ್ಟುಬಿಡುತ್ತದೆ. ಆಮೇಲೆ ಶಿಫ್ಟ್ ಹಿಡಿದು ಫೈಲ್ ಅಳಿಸಿ, ಸ್ವಲ್ಪ ಹೊತ್ತು ಬಿಟ್ಟು ಅದೇ ಜಾಗ ಮತ್ತೆ ನೋಡಿ. ನಮೂದಿನ ತಲೆಯಲ್ಲಿ 01 ಇದ್ದದ್ದು 00 ಆಗಿರುತ್ತದೆ, ಹೆಸರು ಇನ್ನೂ ಅಲ್ಲೇ ಇರುತ್ತದೆ. ಬೂಟ್ ಸೆಕ್ಟರನ್ನು ಬೇಕಂತಲೇ ಕೆಡಿಸಿ, ಕೊನೆಯ ನಕಲಿನಿಂದ ತಂದು ಸರಿಮಾಡಿ. ಇದನ್ನು ಹತ್ತು ಸಲ ಮಾಡಿ. ಕೆಟ್ಟರೆ ಆ ಫೈಲ್ ಅಳಿಸಿ ಹೊಸದು ಮಾಡಿಕೊಂಡರಾಯಿತು.

2 ಟಿಬಿ ಡಿಸ್ಕ್ ತಂದು ಇಮೇಜ್ ಮುಗಿದ ಮೇಲೆ ಸೊನ್ನೆಯ ಸೆಕ್ಟರ್ ಮತ್ತು 2048ನೇ ಸೆಕ್ಟರ್, ಎರಡರ ಪರದೆಯನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿ. ಸ್ಮಾರ್ಟ್ ವರದಿಯ ಸಿ5 ಸಾಲೂ ಜೊತೆಗಿರಲಿ. ಮುಂದೆ ಯಾವ ದಾರಿ ಅಂತ ಅದನ್ನು ನೋಡಿ ಹೇಳುತ್ತೇನೆ, ಅಲ್ಲಿಯ ತನಕ ಬೀರುವಿನ ಬೀಗ ಅಮ್ಮನ ಹತ್ತಿರ ಇರಲಿ.